ನಿಂತ ಗಾಡಿಯ ಗಡಗಡ: ಸದ್ದು ಹುಟ್ಟುವ ಜಾಗ ಹಿಡಿಯುವುದು ಹೇಗೆ

ಓಡುವ ಗಾಡಿಯಲ್ಲಿ ಸದ್ದು ಬಂದರೆ ಟೈರು, ರಸ್ತೆ, ಗಾಳಿ, ಸಸ್ಪೆನ್ಶನ್ ಎಲ್ಲದರ ಮೇಲೂ ಅನುಮಾನ. ನಿಂತ ಗಾಡಿಯಲ್ಲಿ ಆ ಪಟ್ಟಿ ಬಹಳ ಚಿಕ್ಕದಾಗುತ್ತದೆ. ಹಾಗಿದ್ದರೂ ಗಂಟೆಗಟ್ಟಲೆ ಹುಡುಕಿ ಸುಸ್ತಾಗುವವರೇ ಜಾಸ್ತಿ. ಕಾರಣ ಇಷ್ಟೆ: ಕಿವಿ ತೋರಿಸಿದ ಕಡೆಗೆ ಮೊದಲು ಕೈ ಹಾಕುತ್ತೇವೆ. ಗಾಡಿಯ ಬಾಡಿ ಪೂರ್ತಿ ಬೆಸೆದ ಉಕ್ಕು. ಒಂದು ಮೂಲೆಯ ಸದ್ದನ್ನು ಅದು ಇನ್ನೊಂದು ಮೂಲೆಗೆ ಸಲೀಸಾಗಿ ದಾಟಿಸುತ್ತದೆ. ಹಿಂಬದಿಯಲ್ಲಿ ಸೈಲೆನ್ಸರ್ ತೂಗುಹಾಕಿದ ರಬ್ಬರ್ ಹರಿದಿದ್ದರೆ ಸದ್ದು ಡ್ರೈವರ್ ಸೀಟಿನ ಕೆಳಗಿನಿಂದ ಬಂದಂತೆ ಅನ್ನಿಸಬಹುದು.

ಅದಕ್ಕೇ ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ಮುಂಚೆ ಯಾವಾಗ ಬರುತ್ತಿದೆ ಎಂದು ನೋಡಿ. ಕೀ ತೆಗೆದ ಮೇಲೋ, ಕೀ ತಿರುಗಿಸಿದಾಗಲೋ, ಬೆಳಗಿನ ಮೊದಲ ಸ್ಟಾರ್ಟಿಗೋ, ಐಡ್ಲಿಂಗ್‌ನಲ್ಲೋ (ಆಕ್ಸಿಲರೇಟರ್ ಮುಟ್ಟದೆ ಎಂಜಿನ್ ಸುಮ್ಮನೆ ಓಡುವಾಗ), ಕ್ಲಚ್ ತುಳಿದಾಗಲೋ? ಕೆಳಗಿನ ಭಾಗಗಳನ್ನು ಹಾಗೆಯೇ ಜೋಡಿಸಿದೆ. ನಿಮ್ಮ ಗಾಡಿಯ ಲಕ್ಷಣ ಯಾವುದೋ ನೇರ ಅಲ್ಲಿಗೆ ಹೋಗಬಹುದು. ಮುಂದಿನ ನಾಲ್ಕು ಪ್ಯಾರಾ ಮಾತ್ರ ಯಾರೂ ಬಿಡಬೇಡಿ.

ಕೈ ಹಾಕುವ ಮುಂಚೆ

ಗಾಡಿ ಸಮತಟ್ಟು ನೆಲದಲ್ಲಿರಲಿ. ಹ್ಯಾಂಡ್‌ಬ್ರೇಕ್ ಎಳೆದು, ಆಟೋಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿ, ಮ್ಯಾನ್ಯುಯಲ್ ಆದರೆ ನ್ಯೂಟ್ರಲ್‌ನಲ್ಲಿಟ್ಟು, ಚಕ್ರಗಳ ಎರಡೂ ಕಡೆ ಕಲ್ಲೋ ಮರದ ತುಂಡೋ ಕೊಡಿ. ಎಂಜಿನ್ ಓಡಿಸಿ ನೋಡುವ ಕೆಲಸವೆಲ್ಲ ಬಯಲಲ್ಲಿ. ಶೆಡ್ಡಿನ ಬಾಗಿಲು ತೆರೆದಿಟ್ಟರೆ ಸಾಲದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆಸುತ್ತು ಬಂದು ಗೊತ್ತಾಗುವ ಹೊತ್ತಿಗೆ ಎದ್ದು ಹೊರಗೆ ಬರುವ ಶಕ್ತಿ ಇಲ್ಲದೆಯೂ ಹೋಗಬಹುದು.

ಜಾಕ್ ಗಾಡಿ ಎತ್ತುವುದಕ್ಕೆ ಮಾತ್ರ. ಎತ್ತಿದ ಗಾಡಿಯನ್ನು ಹೊತ್ತು ನಿಲ್ಲಲು ಜಾಕ್ ಸ್ಟ್ಯಾಂಡ್ ಬೇಕು. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ಚಾಚಬೇಡಿ. ಇಲ್ಲಿ ಹೇಳಿರುವ ಹೆಚ್ಚಿನ ಪರೀಕ್ಷೆಗಳಿಗೆ ಗಾಡಿಯ ಅಡಿಗೆ ನುಸುಳುವ ಅಗತ್ಯವೇ ಇಲ್ಲ, ಪಕ್ಕದಲ್ಲಿ ಮಂಡಿಯೂರಿ ಟಾರ್ಚ್ ಬಿಟ್ಟರೆ ಸಾಕು. ಎಂಜಿನ್ ಓಡುತ್ತಿರುವಾಗಲಂತೂ ಅಡಿಗೆ ಹೋಗಲೇಬಾರದು.

ಬಾನೆಟ್ ತೆರೆದಾಗ ಶಾಲು, ಸಡಿಲ ತೋಳು, ಬಿಟ್ಟ ಕೂದಲು, ಕೊರಳ ಸರ ಯಾವುದೂ ಬೆಲ್ಟಿನ ಹತ್ತಿರ ಸುಳಿಯಬಾರದು. ಎಂಜಿನ್ ಆಫ್ ಇದ್ದರೂ ರೇಡಿಯೇಟರ್ ಫ್ಯಾನ್ ತಾನೇ ತಿರುಗಲು ಶುರುಮಾಡಬಹುದು. ಹೈಬ್ರಿಡ್ ಗಾಡಿಯಾದರೆ ಸದ್ದಿಲ್ಲದೆ ನಿಂತಿದ್ದ ಎಂಜಿನ್ ದಿಢೀರನೆ ತಾನೇ ಸ್ಟಾರ್ಟ್ ಆಗಬಹುದು. ಪೂರ್ತಿ ಆಫ್ ಮಾಡಿ, ಕೀಯನ್ನು ದೂರ ಇಟ್ಟು ಬಂದ ಮೇಲೆಯೇ ಬಾನೆಟ್ ಎತ್ತಿ. ಕಿತ್ತಳೆ ಬಣ್ಣದ ವೈರುಗಳನ್ನು ಮುಟ್ಟುವ ಕೆಲಸ ನಿಮ್ಮದಲ್ಲ. ಹಾಗೆಯೇ ಸ್ಟೀರಿಂಗ್ ಮತ್ತು ಡ್ಯಾಶ್‌ಬೋರ್ಡ್ ಕೆಳಗಿನ ಹಳದಿ ಕನೆಕ್ಟರುಗಳು ಏರ್‌ಬ್ಯಾಗಿನವು.

ಸೈಲೆನ್ಸರಿನ ಸಾಲು (ಎಂಜಿನ್ನಿನಿಂದ ಹಿಂತುದಿಯವರೆಗಿನ ಹೊಗೆ ಕೊಳವೆ) ತಣಿಯಲು ಕನಿಷ್ಠ ಒಂದು ಗಂಟೆ ಬಿಡಿ. ಓಡುವಾಗ ಆ ಸಾಲಿನಲ್ಲಿ ಹೊಗೆ ಶುದ್ಧಿ ಮಾಡುವ ಡಬ್ಬಿ, ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್, ನೂರಾರು ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿರುತ್ತದೆ. ಹೊರಗಿನ ಬಣ್ಣ ನೋಡಿ ತಣ್ಣಗಾಗಿದೆಯೇ ಎಂದು ಹೇಳಲು ಬರುವುದಿಲ್ಲ.

ಸದ್ದಿನ ಜಾತಿ

ಗಡಗಡ, ಝಣಝಣ, ಟಕಟಕ, ಗಲಗಲ ಎಂದು ನಾವು ಆಡುಮಾತಿನಲ್ಲಿ ಹೇಳುವುದರಲ್ಲೇ ಅರ್ಧ ಪತ್ತೆ ಇದೆ. ಝಣಝಣ ಎಂದರೆ ತೆಳು ತಗಡು. ಗಲಗಲ ಎಂದರೆ ಟೊಳ್ಳಿನೊಳಗೆ ಏನೋ ಬಿಡಿಯಾಗಿ ಓಡಾಡುತ್ತಿದೆ. ಸಮಲಯದ ಟಕಟಕ ಎಂದರೆ ಎಂಜಿನ್ ಜೊತೆ ತಿರುಗುವ ಯಾವುದೋ ಭಾಗ. ಗರಗರ ಬೇರಿಂಗಿನದು. ಆಳದಿಂದ ಬರುವ ದಕ್ ದಕ್ ಭಾರವಾದ ಭಾಗದ್ದು, ಅದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ.

ಜಾಗ ಹಿಡಿಯಲು ಎರಡು ಸಾಧನ ಸಾಕು. ಒಂದು, ಉದ್ದನೆಯ ಸ್ಕ್ರೂಡ್ರೈವರ್ ಅಥವಾ ಮರದ ಕೋಲು: ತುದಿಯನ್ನು ಅನುಮಾನವಿರುವ ಭಾಗಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ತಾಗಿಸಿ. ಮೂಲದ ಮೇಲೆ ಇಟ್ಟಾಗ ಸದ್ದು ತಲೆಯೊಳಗೇ ಹೊಡೆದಂತೆ ಕೇಳುತ್ತದೆ. ಇದನ್ನು ತಿರುಗದ ಭಾಗದ ಮೇಲೆ ಮಾತ್ರ ಮಾಡಬೇಕು. ಎರಡು, ಸುಮಾರು 1 ಮೀಟರ್ ರಬ್ಬರ್ ಪೈಪು: ಒಂದು ತುದಿ ಕಿವಿಗೆ ಹಿಡಿದು ಇನ್ನೊಂದನ್ನು ಅಲ್ಲಲ್ಲಿ ಆಡಿಸಿ. ಗಾಳಿ, ಹೊಗೆ ಸೋರುವ ಸದ್ದಿಗೆ ಇದೇ ವಾಸಿ.

ಎಂಜಿನ್ ಆಫ್, ಕೀ ಕೈಯಲ್ಲಿ. ಆದರೂ ಸದ್ದು

ಇಲ್ಲಿ ಕೇಳುವ ಹೆಚ್ಚಿನ ಸದ್ದುಗಳು ದೋಷವಲ್ಲ. ನಿಲ್ಲಿಸಿದೊಡನೆ ಟಿಕ್, ಟಿಕ್ ಎಂದು ಶುರುವಾಗಿ, ನಡುವಿನ ಅಂತರ ಹೆಚ್ಚುತ್ತಾ ಹೋಗಿ ಅರ್ಧ ಗಂಟೆಯೊಳಗೆ ನಿಂತರೆ ಅದು ಕಾದ ಲೋಹ ಕುಗ್ಗುವ ಸದ್ದು. ಗುಂಯ್ ಎಂದು ಕೆಲವು ನಿಮಿಷ ಬಂದು ನಿಲ್ಲುವುದು ರೇಡಿಯೇಟರ್ ಫ್ಯಾನ್. ಕೆಲವು ಪೆಟ್ರೋಲ್ ಗಾಡಿಗಳು ನಿಲ್ಲಿಸಿ ಹಲವು ಗಂಟೆಗಳಾದ ಮೇಲೆ ಟ್ಯಾಂಕಿನ ಆವಿ ಸೋರುತ್ತಿದೆಯೇ ಎಂದು ತಾವೇ ಪರೀಕ್ಷಿಸಿಕೊಳ್ಳುತ್ತವೆ. ನಡುರಾತ್ರಿ ಡಿಕ್ಕಿಯ ಕೆಳಗಿನಿಂದ ಸಣ್ಣ ಪಂಪಿನ ಗುನುಗು ಕೇಳಿ ಗಾಬರಿಯಾಗುವವರು ಕೇಳಿರುವುದು ಇದನ್ನೇ. ಬಾಗಿಲು ತೆರೆದಾಗ ಅಥವಾ ಬ್ರೇಕ್ ಮುಟ್ಟಿದಾಗ ಹೈಬ್ರಿಡ್ ಗಾಡಿಯ ಮುಂಭಾಗದಲ್ಲಿ ಎರಡು ಮೂರು ಸೆಕೆಂಡ್ ಝುರ್ ಎನ್ನುವುದು ಬ್ರೇಕಿನ ಒತ್ತಡ ತುಂಬಿಸುವ ಪಂಪು. ಅದು ಪದೇ ಪದೇ, ಯಾರೂ ಮುಟ್ಟದಿದ್ದರೂ ಓಡುತ್ತಿದ್ದರೆ ಮಾತ್ರ ತೋರಿಸಬೇಕು.

ಡ್ಯಾಶ್‌ಬೋರ್ಡಿನ ಹಿಂದೆ ಸಮಲಯದಲ್ಲಿ ಟಕ್ ಟಕ್ ಟಕ್ ಎಂದು ಕೆಲವು ಸೆಕೆಂಡ್ ಬಂದು ನಿಲ್ಲುತ್ತಿದೆಯೇ? ಎಸಿಯ ಬಿಸಿಗಾಳಿ–ತಣ್ಣನೆ ಗಾಳಿ ಬದಲಿಸುವ ಪುಟ್ಟ ಬಾಗಿಲನ್ನು ತಿರುಗಿಸುವ ಮೋಟಾರಿನ ಪ್ಲಾಸ್ಟಿಕ್ ಹಲ್ಲು ಮುರಿದಿದೆ. ಖಚಿತಪಡಿಸಲು ಕೀ ಆನ್ ಮಾಡಿ ತಾಪಮಾನದ ಗುಂಡಿಯನ್ನು ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ತಿರುಗಿಸಿ. ಒಂದೇ ಜಾಗದಲ್ಲಿ ಸದ್ದು ಬಂದರೆ ಅದೇ. ಗಾಡಿ ಓಡಿಸಲು ಏನೂ ತೊಂದರೆಯಿಲ್ಲ.

ಗಾಳಿ ಬೀಸಿದಾಗ ಮಾತ್ರ ಬರುವ ಸದ್ದಿಗೆ ನಂಬರ್ ಪ್ಲೇಟ್, ರೂಫ್ ಕ್ಯಾರಿಯರ್, ಮಡ್‌ಫ್ಲ್ಯಾಪ್, ಬಾಗಿಲ ಮೇಲಿನ ಮಳೆಪಟ್ಟಿ ಇವನ್ನು ಬೆರಳಿನಿಂದ ಮೀಟಿ ನೋಡಿದರೆ ಮುಗಿಯಿತು.

ಲಯವಿಲ್ಲದ ಕರಕರ, ಪರಪರ ಬಂದು, ಬಾನೆಟ್ ತಟ್ಟಿದೊಡನೆ ನಿಂತರೆ ಒಳಗೆ ಜೀವ ಇದೆ ಎಂದರ್ಥ. ಇಲಿ, ಅಳಿಲು, ಇಲ್ಲವೇ ಬೆಚ್ಚಗಿನ ಜಾಗ ಹುಡುಕಿ ಬಂದ ಬೆಕ್ಕು. ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ತೆರೆದು ಹಿಕ್ಕೆ, ನಾರು, ಕಚ್ಚಿದ ಬೀಜ, ಗೂಡು ಕಟ್ಟಿದ ಬಟ್ಟೆ ಚೂರು ಇವೆಯೇ ನೋಡಿ. ಬರಿಗೈಯಲ್ಲಿ ಗೂಡು ಕೀಳಬೇಡಿ. ಕಡಿದ ವೈರು ಕಂಡರೆ ಬ್ಯಾಟರಿ ಬಿಚ್ಚಿಡುವುದು ಮೇಲು. ಸುಲಿದ ಎರಡು ವೈರು ತಾಗಿದರೆ ಬೆಂಕಿ.

ಕೀ ತಿರುಗಿಸಿದರೆ ಟಕಟಕಟಕ, ಎಂಜಿನ್ ಹತ್ತುವುದಿಲ್ಲ

ಕೀ ಆನ್ ಮಾಡಿದಾಗ ಹಿಂಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡ್ ಬರುವ ಝೇಂಕಾರ ಪೆಟ್ರೋಲ್ ಪಂಪಿನದು, ಅದು ಸಹಜ. ಸ್ಟಾರ್ಟ್ ಕೊಟ್ಟಾಗ ಮೆಷಿನ್ ಗನ್ನಿನಂತೆ ಟಕಟಕಟಕ ಬಂದರೆ ಮಾತ್ರ ಬ್ಯಾಟರಿ ಸೋತಿದೆ. ಸ್ಟಾರ್ಟರಿನ ಸೊಲೆನಾಯ್ಡ್ (ಕರೆಂಟಿನ ಅಯಸ್ಕಾಂತದಿಂದ ಓಡುವ ಸ್ವಿಚ್ಚು) ಎಳೆದುಕೊಳ್ಳುತ್ತದೆ, ಮೋಟಾರು ಕರೆಂಟ್ ಕೇಳಿದೊಡನೆ ವೋಲ್ಟೇಜ್ ಕುಸಿದು ಸೊಲೆನಾಯ್ಡ್ ಕೈಬಿಡುತ್ತದೆ, ವೋಲ್ಟೇಜ್ ಮತ್ತೆ ಏರುತ್ತದೆ, ಮತ್ತೆ ಎಳೆಯುತ್ತದೆ. ಸೆಕೆಂಡಿಗೆ ಹಲವು ಸಲ ಇದೇ ಆಟ.

ಒಳಗಿನ ದೀಪ ಹಾಕಿ ಸ್ಟಾರ್ಟ್ ಕೊಡಿ. ದೀಪ ಮಂಕಾದರೆ ಬ್ಯಾಟರಿ ಅಥವಾ ಟರ್ಮಿನಲ್. ದೀಪ ಹಾಗೇ ಉರಿದು ಒಂದೇ ಒಂದು ಟಕ್ ಬಂದರೆ ಸ್ಟಾರ್ಟರ್ ಮೋಟಾರಿನ ಕಡೆ ನೋಡಬೇಕು. ಮಲ್ಟಿಮೀಟರ್ ಇದ್ದರೆ ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಅಳೆಯಿರಿ: 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗೆ ಖಾಲಿ ಎಂದೇ ಲೆಕ್ಕ. ಎಂಜಿನ್ ಓಡುವಾಗ ಹೆಚ್ಚಿನ ಗಾಡಿಗಳಲ್ಲಿ 13.8ರಿಂದ 14.7ರೊಳಗೆ ಇರಬೇಕು. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಹೊಸ ಬ್ಯಾಟರಿ ಕೊಳ್ಳುವ ಮುಂಚೆ ಅದನ್ನು ಉಜ್ಜಿ ತೆಗೆಯಿರಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಬ್ಯಾಟರಿಯ ಹತ್ತಿರ ಬೀಡಿ ಸಿಗರೇಟು ಬೇಡ, ಅದರಿಂದ ಹೊರಡುವ ಹೈಡ್ರೋಜನ್ ಕಿಡಿಗೆ ಸಿಡಿಯುತ್ತದೆ.

ಮೊದಲ ಸ್ಟಾರ್ಟಿಗೆ ಮಾತ್ರ ಗರ್ ಎಂದು ನಿಲ್ಲುತ್ತದೆ

ರಾತ್ರಿಯಿಡೀ ನಿಂತಾಗ ಎಂಜಿನ್ ಎಣ್ಣೆ ಕೆಳಗಿನ ತೊಟ್ಟಿಗೆ ಇಳಿದಿರುತ್ತದೆ, ಅದು ಮತ್ತೆ ಮೇಲೇರುವವರೆಗೆ ಸದ್ದು ಬರಬಹುದು. ಒಂದು ಸೆಕೆಂಡಿನೊಳಗೆ ನಿಲ್ಲುವ ಸದ್ದಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎರಡು, ಮೂರು ಸೆಕೆಂಡ್ ಎಳೆದರೆ, ಅಥವಾ ತಿಂಗಳಿಂದ ತಿಂಗಳಿಗೆ ಉದ್ದವಾಗುತ್ತಾ ಬಂದರೆ, ಈ ಕ್ರಮದಲ್ಲಿ ನೋಡಿ.

ಮೊದಲು ಎಣ್ಣೆಯ ಮಟ್ಟ. ಸಮತಟ್ಟಿನಲ್ಲಿ, ಎಂಜಿನ್ ಆಫ್ ಮಾಡಿ 10 ನಿಮಿಷ ಬಿಟ್ಟು, ಡಿಪ್‌ಸ್ಟಿಕ್ (ಎಣ್ಣೆ ಅಳೆಯುವ ಕಡ್ಡಿ) ಎಳೆದು ಒರೆಸಿ, ಮತ್ತೆ ಪೂರ್ತಿ ಅದ್ದಿ ತೆಗೆದು ನೋಡಿ. ಎರಡು ಗುರುತುಗಳ ನಡುವಿನ ಅಂತರ ಅನೇಕ ಕಾರುಗಳಲ್ಲಿ ಸುಮಾರು 1 ಲೀಟರ್. ಕೆಳಗಿನ ಗುರುತಿಗೆ ಇಳಿದಿದ್ದರೆ ಒಮ್ಮೆಗೆ ಕಾಲು ಲೀಟರಿನಂತೆ ಹಾಕುತ್ತಾ ನೋಡುತ್ತಾ ಹೋಗಿ. ಮೇಲಿನ ಗುರುತು ಮೀರಬಾರದು. ಮೀರಿದರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ದಪ್ಪ ದಂಡ) ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆ ಎಣ್ಣೆ ಬೇರಿಂಗಿಗೆ ಉಪಯೋಗವಿಲ್ಲ.

ಆಮೇಲೆ ಎಣ್ಣೆಯ ದರ್ಜೆ ಮತ್ತು ಫಿಲ್ಟರ್. ಫಿಲ್ಟರಿನೊಳಗೆ ಎಣ್ಣೆ ಹಿಂದಕ್ಕೆ ಸೋರದಂತೆ ತಡೆಯುವ ರಬ್ಬರ್ ಕವಾಟವಿರುತ್ತದೆ. ಕಳಪೆ ಫಿಲ್ಟರಿನಲ್ಲಿ ಅದು ಗಟ್ಟಿಯಾಗಿ ಹಿಡಿಯುವುದಿಲ್ಲ. ಸರ್ವಿಸ್ ಆದ ಮರುವಾರದಿಂದಲೇ ಈ ಸದ್ದು ಶುರುವಾಗಿದ್ದರೆ ಅನುಮಾನ ನೇರ ಇಲ್ಲಿಗೆ.

ಇವೆರಡೂ ಸರಿ ಇದ್ದು ಸದ್ದು ಹೋಗದಿದ್ದರೆ ಕ್ರ್ಯಾಂಕಿಗೂ ವಾಲ್ವ್ ತೆರೆಯುವ ಕ್ಯಾಮ್ ದಂಡಕ್ಕೂ ಹಾಕಿದ ಟೈಮಿಂಗ್ ಚೈನ್, ಅದನ್ನು ಬಿಗಿಯಾಗಿಡುವ ಟೆನ್ಶನರ್, ಇಲ್ಲವೇ ಕ್ಯಾಮ್ ತುದಿಯ ವೇರಿಯಬಲ್ ಟೈಮಿಂಗ್ ಗೇರು. ಬಾನೆಟ್ ತೆರೆದರೆ ಸದ್ದು ಎಂಜಿನ್ನಿನ ಒಂದು ಬದಿಯ ಮುಚ್ಚಳದಿಂದ, ಸರಪಳಿ ಕೊಡಪಾನಕ್ಕೆ ಉಜ್ಜಿದಂತೆ ಬರುತ್ತದೆ. ಗಾಡಿಯ ಕಂಪ್ಯೂಟರಿನ ದೋಷ ಓದುವ ಸ್ಕ್ಯಾನರಿನಲ್ಲಿ ಪಿ0016 ಕೋಡ್ ಬಂದರೆ ಕ್ಯಾಮ್ ಮತ್ತು ಕ್ರ್ಯಾಂಕ್ ಸೆನ್ಸರುಗಳ ಲೆಕ್ಕ ತಾಳೆಯಾಗುತ್ತಿಲ್ಲ ಎಂದು, ಚೈನ್ ಸಡಿಲಾದದ್ದು ಅದಕ್ಕೊಂದು ಕಾರಣ. ಇಲ್ಲಿ ಕಾಯುವುದು ದುಬಾರಿ. ಚೈನ್ ಒಂದೆರಡು ಹಲ್ಲು ಹಾರಿದರೆ ಅನೇಕ ಎಂಜಿನ್‌ಗಳಲ್ಲಿ ವಾಲ್ವಿಗೆ ಪಿಸ್ಟನ್ ಬಡಿದು ಎಂಜಿನ್ನಿನ ತಲೆಯನ್ನೇ (ಸಿಲಿಂಡರ್ ಹೆಡ್) ಬಿಚ್ಚಬೇಕಾಗುತ್ತದೆ.

ಐಡ್ಲಿಂಗ್‌ನಲ್ಲಿ ತಗಡಿನ ಝಣಝಣ

ನಿಂತ ಗಾಡಿಯ ಸದ್ದುಗಳಲ್ಲಿ ಇದು ಎಲ್ಲಕ್ಕಿಂತ ಮಾಮೂಲಿ. ಸುಲಭವಾಗಿ ಸರಿಹೋಗುವುದೂ ಇದೇ, ವೃಥಾ ಖರ್ಚು ಮಾಡಿಸುವುದೂ ಇದೇ. ಬಹುಪಾಲು ಅಪರಾಧಿ ಹೀಟ್ ಶೀಲ್ಡ್: ಸೈಲೆನ್ಸರ್ ಸಾಲಿನ ಬಿಸಿ ಫ್ಲೋರಿಗೆ, ಟ್ಯಾಂಕಿಗೆ, ವೈರಿಗೆ ತಾಗದಂತೆ ಹಾಕಿದ ತೆಳು ತಗಡು. ಅಲ್ಯೂಮಿನಿಯಂ ತಗಡಿಗೆ ಕಬ್ಬಿಣದ ಬೋಲ್ಟು, ನಡುವೆ ನೀರು ಕೆಸರು. ಎರಡು ಬೇರೆ ಲೋಹ ಒದ್ದೆಯಲ್ಲಿ ಕೂಡಿದಾಗ ರಾಸಾಯನಿಕವಾಗಿ ಹೆಚ್ಚು ಚುರುಕಾದದ್ದು, ಇಲ್ಲಿ ಅಲ್ಯೂಮಿನಿಯಂ, ಸವೆಯುತ್ತದೆ. ಬೋಲ್ಟಿನ ಸುತ್ತ ಬಿಳಿ ಪುಡಿ ಕಟ್ಟಿ ತೂತು ದೊಡ್ಡದಾಗುತ್ತಾ ಹೋಗಿ, ಒಂದು ದಿನ ಬೋಲ್ಟಿನ ತಲೆಗಿಂತ ತೂತೇ ಅಗಲವಾಗುತ್ತದೆ. ಬೋಲ್ಟ್ ಬಿಗಿಯಾಗಿಯೇ ಇರುತ್ತದೆ, ತಗಡು ಮಾತ್ರ ಸ್ವತಂತ್ರ.

ಗುರುತು ಸುಲಭ. 800 ಆರ್‌ಪಿಎಮ್‌ನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಝಣಝಣ, ಆಕ್ಸಿಲರೇಟರ್ ಸ್ವಲ್ಪ ಒತ್ತಿ 1200ಕ್ಕೆ ತಂದರೆ ಮಾಯ, 2000ದ ಹತ್ತಿರ ಮತ್ತೆ ಇಣುಕುತ್ತದೆ. ತಗಡು ತನ್ನದೇ ಕಂಪನದ ಲಯ ಸಿಕ್ಕಾಗ ಮಾತ್ರ ಕುಣಿಯುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ 800ರಲ್ಲಿ ಸೆಕೆಂಡಿಗೆ ಸುಮಾರು 27 ಸಲ ಸ್ಫೋಟಿಸುತ್ತದೆ. ಆ ಲಯಕ್ಕೆ ಸಡಿಲ ತಗಡು ಸಿಕ್ಕರೆ ಮುಗಿಯಿತು. ಬಿಸಿಯಾದ ಮೇಲೆ ಸದ್ದು ಹೋಗುವುದು, ಇಲ್ಲವೇ ಬಿಸಿಯಾದ ಮೇಲೇ ಬರುವುದು ಎರಡೂ ಸಹಜ. ಲೋಹ ಹಿಗ್ಗಿ ಸಂದು ಮುಚ್ಚುತ್ತದೆ ಅಥವಾ ತೆರೆಯುತ್ತದೆ.

ತಣ್ಣಗಿದ್ದಾಗ ಮೊದಲ ಪರೀಕ್ಷೆ. ದಪ್ಪ ಕೈಗವಸು ಹಾಕಿ ಸೈಲೆನ್ಸರಿನ ಹಿಂತುದಿಯ ಕೊಳವೆ ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಆಡಿಸಿ. ರಬ್ಬರಿನಲ್ಲಿ ತೂಗಿದಂತೆ ಮೆತ್ತಗೆ ಆಡಬೇಕು, ಎಲ್ಲೂ ಠಣ್ ಎನ್ನಬಾರದು. ಠಣ್ ಎಂದರೆ ಟಾರ್ಚ್ ಹಿಡಿದು ತೂಗು ರಬ್ಬರುಗಳನ್ನು ಒಂದೊಂದೇ ನೋಡಿ. ಹರಿದದ್ದು, ಉದ್ದಕ್ಕೆ ಎಳೆದುಕೊಂಡದ್ದು, ಕೊಂಡಿಯಿಂದ ಜಾರಿದ್ದು ಕಣ್ಣಿಗೇ ಕಾಣುತ್ತದೆ. ಕೊಳವೆಗೂ ಬಾಡಿಗೂ ನಡುವೆ ಎಲ್ಲ ಕಡೆ ಒಂದು ಬೆರಳು ಸಲೀಸಾಗಿ ಹೋಗುವಷ್ಟು ಜಾಗವಿರಬೇಕು. ತಾಗಿದ ಜಾಗ ತಾನೇ ಹೇಳುತ್ತದೆ: ಅಲ್ಲಿ ತುಕ್ಕು ಉಜ್ಜಿ ಲೋಹ ಫಳಫಳ ಹೊಳೆಯುತ್ತಿರುತ್ತದೆ.

ಎರಡನೆಯದು ಗುದ್ದು. ಮುಷ್ಟಿಯಿಂದಲೋ ರಬ್ಬರ್ ಸುತ್ತಿಗೆಯಿಂದಲೋ ಸೈಲೆನ್ಸರ್ ಸಾಲನ್ನು ಮುಂದಿನಿಂದ ಹಿಂದಿನವರೆಗೆ ಮೆಲ್ಲಗೆ ತಟ್ಟುತ್ತಾ ಬನ್ನಿ. ಶೀಲ್ಡ್ ಸಡಿಲವಿದ್ದರೆ ತಟ್ಟಿದ ಮೇಲೂ ಝಣ್ ಎಂದು ಎಳೆಯುತ್ತದೆ. ಆದರೆ ಕ್ಯಾಟಲಿಟಿಕ್ ಕನ್ವರ್ಟರಿನ ಡಬ್ಬಿ ತಟ್ಟಿದಾಗ ಒಳಗಿನಿಂದ ಮಗುವಿನ ಗಿಲಕಿಯಂತೆ ಗಲಗಲ ಬಂದರೆ ಕಥೆ ಬೇರೆ, ಅದನ್ನು ಮುಂದೆ ಹೇಳಿದೆ.

ಮೂರನೆಯದಕ್ಕೆ ಇನ್ನೊಬ್ಬರು ಬೇಕು. ಅವರು ಒಳಗೆ ಕುಳಿತು ಬ್ರೇಕ್ ತುಳಿದುಕೊಂಡೇ ಆರ್‌ಪಿಎಮ್ ನಿಧಾನಕ್ಕೆ ಏರಿಸಲಿ, ಸದ್ದು ಬಂದ ಜಾಗದಲ್ಲಿ ಹಿಡಿದು ನಿಲ್ಲಿಸಲಿ. ನೀವು ಗಾಡಿಯ ಪಕ್ಕದಲ್ಲಿ, ಚಕ್ರಗಳ ದಾರಿ ಬಿಟ್ಟು ಕುಳಿತು ಉದ್ದನೆಯ ಮರದ ಕೋಲಿನಿಂದ ತಗಡನ್ನು ಒತ್ತಿ. ಒತ್ತಿದಾಗ ಸದ್ದು ನಿಂತು ಬಿಟ್ಟಾಗ ಬಂದರೆ ಬೇರೆ ಸಾಕ್ಷಿ ಬೇಡ.

ಸರಿಮಾಡುವುದು ಹೀಗೆ. ತಣ್ಣಗಿರುವಾಗ ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು 15–20 ನಿಮಿಷ ಬಿಡಿ. ಸಾಮಾನ್ಯವಾಗಿ 10 ನಂಬರಿನ ಸ್ಪ್ಯಾನರ್ ಹಿಡಿಯುತ್ತದೆ. ಬಿಗಿಯಿದ್ದರೆ ಒಂದೇ ಸಮ ಎಳೆಯದೆ ಸ್ವಲ್ಪ ಹಿಂದೆ ಸ್ವಲ್ಪ ಮುಂದೆ ಆಡಿಸಿ, ಇಲ್ಲದಿದ್ದರೆ 6 ಮಿಲಿಮೀಟರಿನ ಆ ಹಳೆ ಬೋಲ್ಟಿನ ತಲೆ ಮುರಿದು ಕೈಗೆ ಬರುತ್ತದೆ. ಅದೇ ಬೋಲ್ಟಿಗೆ 25ರಿಂದ 30 ಮಿಲಿಮೀಟರ್ ಅಗಲದ ಸ್ಟೇನ್‌ಲೆಸ್ ವಾಷರ್ ಹಾಕಿ ಬಿಗಿಯಿರಿ, ತೂತಿನ ಸುತ್ತಲಿನ ಗಟ್ಟಿ ತಗಡನ್ನು ಅದು ಹಿಡಿಯುತ್ತದೆ. ಕೊಳವೆಗೇ ಸುತ್ತಿದ ಶೀಲ್ಡ್ ಆದರೆ ಸ್ಕ್ರೂ ಇರುವ ಸ್ಟೇನ್‌ಲೆಸ್ ಹೋಸ್ ಕ್ಲ್ಯಾಂಪನ್ನು ಶೀಲ್ಡ್ ಮತ್ತು ಕೊಳವೆ ಎರಡನ್ನೂ ಕೂಡಿಸಿ ಬಿಗಿಯಿರಿ. ಉದ್ದ ಸಾಲದಿದ್ದರೆ ಎರಡು ಕ್ಲ್ಯಾಂಪನ್ನು ಒಂದರ ಬಾಲಕ್ಕೆ ಇನ್ನೊಂದು ಪೋಣಿಸಬಹುದು. ಹೊಡೆದ ಎಣ್ಣೆಯನ್ನು ಒರೆಸಿಯೇ ಸ್ಟಾರ್ಟ್ ಮಾಡಿ. ಉಳಿದದ್ದು ಮೊದಲ ಓಟದಲ್ಲಿ ಸ್ವಲ್ಪ ಹೊಗೆಯಾಡುತ್ತದೆ.

ಪ್ಲಾಸ್ಟಿಕ್ ಟೈ ಕರಗುತ್ತದೆ. ಮರದ ಚೂರು, ಬಟ್ಟೆ, ರಬ್ಬರ್ ತುರುಕಿದರೆ ಹೊತ್ತಿಕೊಳ್ಳುತ್ತದೆ. ಶೀಲ್ಡನ್ನೇ ಕಿತ್ತೆಸೆದರೆ ಸದ್ದೇನೋ ಹೋಗುತ್ತದೆ, ಆದರೆ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಿದ ದಿನ ಅದು ಯಾಕಿತ್ತು ಎಂದು ತಿಳಿಯುತ್ತದೆ.

ಕನ್ವರ್ಟರಿನೊಳಗೆ ಗಲಗಲ

ಡಬ್ಬಿಯೊಳಗೆ ಜೇನುಹುಟ್ಟಿನಂಥ ಪಿಂಗಾಣಿ ಇಟ್ಟಿಗೆ ಇರುತ್ತದೆ. ಅದು ಒಡೆದರೆ ಗಲಗಲ. ಕಲ್ಲೋ ಹಂಪೋ ಬಡಿದು ಒಡೆಯಬಹುದು, ಆದರೆ ಹೆಚ್ಚು ಸಲ ಮೂಲ ಎಂಜಿನ್ನಿನಲ್ಲಿರುತ್ತದೆ: ಒಂದು ಸಿಲಿಂಡರ್ ಸರಿಯಾಗಿ ಉರಿಯದೆ ಬಿಟ್ಟ ಪೆಟ್ರೋಲ್ ಇಲ್ಲಿಗೆ ಬಂದು ಉರಿಯುತ್ತದೆ, ಇಟ್ಟಿಗೆ ಕರಗುವಷ್ಟು ಬಿಸಿಯಾಗುತ್ತದೆ. ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಇದೇ ನಡೆಯುತ್ತಿದೆ, ಓಡಿಸುವುದನ್ನು ನಿಲ್ಲಿಸಿ. ಸ್ಕ್ಯಾನರಿನಲ್ಲಿ ಪಿ0300 ಎಂದರೆ ಉರಿ ತಪ್ಪುತ್ತಿದೆ, ಪಿ0420 ಎಂದರೆ ಕನ್ವರ್ಟರ್ ತನ್ನ ಕೆಲಸ ಮಾಡುತ್ತಿಲ್ಲ. ಮೊದಲನೆಯದನ್ನು ಸರಿಮಾಡದೆ ಹೊಸ ಕನ್ವರ್ಟರ್ ಹಾಕಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಚೂರುಗಳು ದಾರಿ ಕಟ್ಟಿದರೆ ಗಾಡಿ ಏರಿನಲ್ಲಿ ಉಸಿರುಕಟ್ಟಿದಂತೆ ಆಡುತ್ತದೆ.

ಕ್ಲಚ್ ತುಳಿದಾಗ ಸದ್ದು ಬದಲಾಗುತ್ತದೆ

ಒಂದು ಕಾಸಿನ ಖರ್ಚಿಲ್ಲದ, ಇಷ್ಟು ಖಚಿತವಾದ ಪರೀಕ್ಷೆ ಇನ್ನೊಂದಿಲ್ಲ. ನ್ಯೂಟ್ರಲ್‌ನಲ್ಲಿ ಐಡ್ಲಿಂಗ್ ಬಿಟ್ಟು ಕ್ಲಚ್ ಪೂರ್ತಿ ತುಳಿಯಿರಿ, ನಿಧಾನಕ್ಕೆ ಬಿಡಿ, ನಾಲ್ಕೈದು ಸಲ.

ತುಳಿದಾಗ ಸದ್ದು ನಿಂತು, ಬಿಟ್ಟಾಗ ಬಂದರೆ ಗೇರ್‌ಬಾಕ್ಸಿನ ಒಳಶಾಫ್ಟ್ ತಿರುಗಿದಾಗ ಹುಟ್ಟುವ ಸದ್ದು. ಸಣ್ಣ ಕಟಕಟ ವರ್ಷಗಟ್ಟಲೆ ಹಾಗೇ ಇದ್ದರೆ ಗೇರುಗಳ ನಡುವಿನ ಸಹಜ ಸಂದು ಅಷ್ಟೆ. ಗರಗರವಾಗಿ ಹೆಚ್ಚುತ್ತಾ ಬಂದರೆ ಬೇರಿಂಗ್, ಗೇರ್‌ಬಾಕ್ಸ್ ಎಣ್ಣೆಯ ಮಟ್ಟ ಮೊದಲು ನೋಡಿಸಿ. ತುಳಿದಾಗಲೇ ಸದ್ದು ಶುರುವಾದರೆ ಕ್ಲಚ್ ರಿಲೀಸ್ ಬೇರಿಂಗ್. ಎಂಜಿನ್ ಆಫ್ ಮಾಡುವ ಕ್ಷಣದಲ್ಲಿ ದಡದಡ ಎಂದು ಗಾಡಿ ಅಲುಗಿದರೆ ಎರಡು ತುಂಡಿನ ಸ್ಪ್ರಿಂಗ್ ಫ್ಲೈವೀಲ್ (ಎಂಜಿನ್ ತುದಿಯ ಭಾರದ ಚಕ್ರ) ಇರುವ ಗಾಡಿಗಳಲ್ಲಿ ಅದು ಸವೆದಿರಬಹುದು, ಇಲ್ಲವೇ ಎಂಜಿನ್ ಮೌಂಟಿಂಗ್ (ಎಂಜಿನ್ ಹೊತ್ತ ರಬ್ಬರಿನ ಆಸರೆ) ಕುಸಿದಿರಬಹುದು. ಇವೆಲ್ಲಕ್ಕೂ ಗೇರ್‌ಬಾಕ್ಸ್ ಇಳಿಸಬೇಕು, ಮೌಂಟಿಂಗ್ ಒಂದಕ್ಕೆ ಬಿಟ್ಟು. ಆದ್ದರಿಂದ ಮೌಂಟಿಂಗ್ ಮೊದಲು ನೋಡಿಸಿ.

ಆಟೋಮ್ಯಾಟಿಕ್‌ನಲ್ಲಿ ಪಾರ್ಕ್‌ನಿಂದ ಡ್ರೈವ್‌ಗೆ ಹಾಕಿದೊಡನೆ ಖಟಖಟ ಬದಲಾದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ತಟ್ಟೆ ಬಿರಿದಿರುವ, ಅಥವಾ ಅದರ ಬೋಲ್ಟ್ ಸಡಿಲಾಗಿರುವ ಸಾಧ್ಯತೆ. ಓಡಿಸದೆ ಎಳೆಸಿಕೊಂಡು ಹೋಗುವುದು ಸರಿ. ಈ ಪರೀಕ್ಷೆ ಮಾಡುವಾಗ ಬ್ರೇಕ್ ಗಟ್ಟಿಯಾಗಿ ತುಳಿದಿರಲಿ, ಗಾಡಿಯ ಮುಂದೆ ಹಿಂದೆ ಯಾರೂ ನಿಲ್ಲಬಾರದು.

ಎಸಿ ಹಾಕಿದಾಗ, ತೆಗೆದಾಗ

ಎಸಿ ಹಾಕಿದಾಗ ಒಂದು ಟಕ್ ಬರುವುದು ಕಂಪ್ರೆಸರಿನ ಕ್ಲಚ್ ಹಿಡಿದ ಸದ್ದು, ಸಹಜ. ಎಸಿ ತೆಗೆದಾಗ ಗಲಗಲ ಬಂದು ಹಾಕಿದೊಡನೆ ನಿಂತರೆ ಆ ಕ್ಲಚ್ಚಿನ ತಟ್ಟೆ ಸಡಿಲ. ಹಾಕಿದಾಗ ಮಾತ್ರ ಬಂದರೆ ಕಂಪ್ರೆಸರ್ ಅಥವಾ ಅದರ ಹಿಡಿಕೆ ಬೋಲ್ಟು ಎಂದು ತೀರ್ಮಾನಿಸುವ ಮುಂಚೆ ಒಂದು ಮೋಸ ತಿಳಿದಿರಲಿ: ಎಸಿ ಜೊತೆಗೆ ರೇಡಿಯೇಟರ್ ಫ್ಯಾನೂ ಓಡುತ್ತದೆ, ಒಳಗಿನ ಬ್ಲೋವರೂ ಓಡುತ್ತದೆ. ಬ್ಲೋವರಿನ ವೇಗ ಬದಲಿಸಿದಾಗ ಸದ್ದೂ ಬದಲಾದರೆ ಅದರ ರೆಕ್ಕೆಗೆ ಒಣಗಿದ ಎಲೆಯೋ ಕಡ್ಡಿಯೋ ಸಿಕ್ಕಿದೆ. ಗ್ಲೋವ್ ಬಾಕ್ಸಿನ ಹಿಂದಿನ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ.

ಎಂಜಿನ್ನಿನೊಳಗಿನಿಂದ ಸಮಲಯದ ಟಕಟಕ

ಇಲ್ಲಿ ಎಣಿಸುವುದು ಉಪಯೋಗಕ್ಕೆ ಬರುತ್ತದೆ. ಕ್ಯಾಮ್ ಶಾಫ್ಟ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ 800 ಆರ್‌ಪಿಎಮ್‌ನಲ್ಲಿ ಒಂದು ಸಡಿಲ ಟ್ಯಾಪೆಟ್ (ಕ್ಯಾಮಿನ ಒತ್ತಡವನ್ನು ವಾಲ್ವಿಗೆ ದಾಟಿಸುವ ತುಂಡು) ಸೆಕೆಂಡಿಗೆ ಆರೇಳು ಸಲ ಟಕ್ ಎನ್ನುತ್ತದೆ. ಕ್ರ್ಯಾಂಕಿನ ಕಡೆಯದು ಅದರ ಎರಡರಷ್ಟು. ಫೋನಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ಎಣಿಸಿದರೆ ಕಿವಿಗಿಂತ ಖಚಿತ.

ಮೇಲಿನ ಮುಚ್ಚಳದ ಹತ್ತಿರ ಚುರುಕಾದ, ಹೊಲಿಗೆ ಯಂತ್ರದಂಥ ಸದ್ದು ಇಂಧನ ಸಿಂಪಡಿಸುವ ಇಂಜೆಕ್ಟರುಗಳದ್ದಾಗಿರಬಹುದು. ಪೆಟ್ರೋಲನ್ನು ನೇರ ಸಿಲಿಂಡರಿಗೆ ಸಿಂಪಡಿಸುವ ಎಂಜಿನ್‌ಗಳಲ್ಲಿ ಅದು ಮಾಮೂಲು. ತಣ್ಣಗಿದ್ದಾಗ ಚಟಚಟ ಜೋರಾಗಿದ್ದು ಬಿಸಿಯಾಗುತ್ತಾ ಕಡಿಮೆಯಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ (ಎಂಜಿನ್ನಿಗೂ ಹೊಗೆ ಕೊಳವೆಗೂ ನಡುವಿನ ಸಂದು ಮುಚ್ಚುವ ಹಾಳೆ) ಸೋರುತ್ತಿರಬಹುದು. ಸಂದಿನ ಸುತ್ತ ಕಪ್ಪು ಮಸಿ ಕಾಣುತ್ತದೆ. ಹೊಗೆ ಕ್ಯಾಬಿನ್ನಿಗೆ ಬರುವ ಅಪಾಯವಿರುವುದರಿಂದ ಇದನ್ನು ಮುಂದೂಡಬೇಡಿ. ಡೀಸೆಲ್ ಗಾಡಿ ಚಳಿಯಲ್ಲಿ ಕಟಕಟ ಎನ್ನುವುದು ಅದರ ಜಾಯಮಾನ. ಬಿಸಿಯಾದ ಮೇಲೂ ಒಂದೇ ಸಿಲಿಂಡರ್ ಎದ್ದು ಕೇಳಿದರೆ ಆ ಇಂಜೆಕ್ಟರನ್ನು ಪರೀಕ್ಷಿಸಬೇಕು.

ಕೆಳಗಿನಿಂದ, ಆಳದಿಂದ ದಕ್ ದಕ್ ಬಂದು ಆಕ್ಸಿಲರೇಟರ್ ಒತ್ತಿದಂತೆ ಜೋರಾದರೆ ಆ ಕ್ಷಣವೇ ಎಂಜಿನ್ ಆಫ್ ಮಾಡಿ. ಎಣ್ಣೆಯ ಕೆಂಪು ದೀಪ ಉರಿದರೂ ಅಷ್ಟೆ. ಇನ್ನೊಮ್ಮೆ ಕೇಳಿ ನೋಡೋಣ ಎಂದು ಸ್ಟಾರ್ಟ್ ಮಾಡಬೇಡಿ. ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿದ್ದರೆ ಪ್ರತಿ ಸುತ್ತೂ ಕ್ರ್ಯಾಂಕನ್ನು ಕೆತ್ತುತ್ತದೆ. ಸದ್ದು ಅಡಗಿಸಲು ದಪ್ಪ ಎಣ್ಣೆಯನ್ನೋ ಡಬ್ಬಿಯ ಮದ್ದನ್ನೋ ಸುರಿಯುವುದು ನೋವಿನ ಮಾತ್ರೆ ನುಂಗಿ ಮುರಿದ ಕಾಲಲ್ಲಿ ನಡೆದ ಹಾಗೆ.

ಒಳಗೆ ಕುಳಿತವರಿಗೆ ಮಾತ್ರ ಕೇಳುವ ಸದ್ದು

ಹೊರಗೆ ನಿಂತರೆ ಇಲ್ಲ, ಒಳಗೆ ಕುಳಿತರೆ ಇದೆ ಎಂದಾದರೆ ಮೊದಲು ಗಾಡಿ ಖಾಲಿ ಮಾಡಿ. ಬಾಗಿಲ ಜೇಬಿನ ಚಿಲ್ಲರೆ, ಗ್ಲೋವ್ ಬಾಕ್ಸಿನ ಕೀ, ಕನ್ನಡಕದ ಪೆಟ್ಟಿಗೆ, ಡಿಕ್ಕಿಯ ಜಾಕ್ ಮತ್ತು ಪಾನ, ಸ್ಟೆಪ್ನಿ ಬಿಗಿದ ಬೋಲ್ಟು. ಬೆಲ್ಟ್ ಹಾಕದ ಸೀಟಿನ ಬಕಲ್ ಕಂಬಕ್ಕೆ ತಾಗಿ ಟಕಟಕ ಅನ್ನುವುದನ್ನು ಡ್ಯಾಶ್‌ಬೋರ್ಡ್ ಬಿಚ್ಚಿದ ಮೇಲೆ ಕಂಡುಕೊಂಡವರಿದ್ದಾರೆ. ಉಳಿದ ಸದ್ದಿಗೆ ಅಂಗೈಯಿಂದ ಒಂದೊಂದು ಪ್ಲಾಸ್ಟಿಕ್ ಪಟ್ಟಿಯನ್ನೂ ಒತ್ತಿ ಹಿಡಿಯುತ್ತಾ ಹೋಗಿ, ನಿಂತ ಜಾಗದಲ್ಲಿ ತೆಳು ಬಟ್ಟೆಪಟ್ಟಿ ಅಥವಾ ಸ್ಪಂಜಿನ ಟೇಪ್ ಅಂಟಿಸಿ. ಏರ್‌ಬ್ಯಾಗ್ ಎಂದು ಬರೆದಿರುವ ಪಟ್ಟಿಗಳನ್ನು ಕೀಳಬಾರದು.

ಚಕ್ರದ ಹತ್ತಿರ ಗಲಗಲ ಬಂದರೆ ವೀಲ್ ಕ್ಯಾಪ್ ತೆಗೆದು ನೋಡಿ. ಒಳಗೆ ಕಲ್ಲು ಬಿದ್ದಿದ್ದರೆ ನಗುತ್ತಾ ಎಸೆಯಬಹುದು, ಕಳಚಿದ ವೀಲ್ ನಟ್ ಬಿದ್ದಿದ್ದರೆ ಅಲ್ಲೇ ನಿಲ್ಲಬೇಕು. ಎಲ್ಲ ನಟ್ಟುಗಳನ್ನೂ ಗಾಡಿಯ ಕೈಪಿಡಿಯಲ್ಲಿ ಕೊಟ್ಟ ಟಾರ್ಕಿಗೆ (ಬಿಗಿತದ ಅಳತೆಗೆ), ಎದುರುಬದುರು ಕ್ರಮದಲ್ಲಿ ಬಿಗಿಯಿರಿ. ತೂತುಗಳು ಅಂಡಾಕಾರವಾಗಿದ್ದರೆ ಆ ರಿಮ್ ಮತ್ತೆ ಬಳಸುವಂತಿಲ್ಲ.

ಮೆಕ್ಯಾನಿಕ್‌ಗೆ ತೋರಿಸುವಾಗ

ಗ್ಯಾರೇಜಿಗೆ ಹೋದೊಡನೆ ಸದ್ದು ಮಾಯವಾಗುವುದು ಎಲ್ಲರಿಗೂ ಗೊತ್ತಿರುವ ಕಾಟ. ದಾರಿಯಲ್ಲಿ ಎಂಜಿನ್ ಬಿಸಿಯಾಗಿರುತ್ತದೆ, ಅಷ್ಟೆ. ತಣ್ಣಗಿದ್ದಾಗಿನ ಸದ್ದಾದರೆ ಹಿಂದಿನ ಸಂಜೆಯೇ ಗಾಡಿ ಅಲ್ಲಿ ಬಿಟ್ಟು ಬನ್ನಿ, ಬೆಳಗಿನ ಮೊದಲ ಸ್ಟಾರ್ಟ್ ಅವರೇ ಮಾಡಲಿ. ಫೋನಿನಲ್ಲಿ ಧ್ವನಿಮುದ್ರಿಸುವಾಗ ಆರ್‌ಪಿಎಮ್ ಮುಳ್ಳು ಕಾಣುವಂತೆ ಒಂದು ವಿಡಿಯೊ, ಬಾನೆಟ್ ತೆರೆದು ಒಂದು, ಸೈಲೆನ್ಸರಿನ ಹಿಂದೆ ಒಂದು ತೆಗೆಯಿರಿ. ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಡಿ: ತಣ್ಣಗೋ ಬಿಸಿಯೋ, ಎಷ್ಟು ಆರ್‌ಪಿಎಮ್, ಕ್ಲಚ್ ತುಳಿದಾಗ ಏನಾಯಿತು, ಎಸಿ ತೆಗೆದಾಗ ಏನಾಯಿತು, ಎಣ್ಣೆ ಯಾವ ಗುರುತಿನಲ್ಲಿದೆ, ಇತ್ತೀಚೆಗೆ ಯಾವ ಕೆಲಸ ಮಾಡಿಸಿದಿರಿ. ಕೊನೆಯ ಸಾಲನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಬಿಚ್ಚಿ ಮತ್ತೆ ಹಾಕದೆ ಉಳಿದ ಕ್ಲಿಪ್ಪೊಂದು ಬಹಳ ಸಲ ಸಿಗುವುದು ಅದೇ ಸಾಲಿನಲ್ಲಿ.